ಜುಲೈ ತಿಂಗಳ ದಾಳಿಂಬೆ

ಸೋಮವಾರದೊಳಗೆ ಹೇಳಿ ಅಂದಿದ್ದಾನೆ ಬೇಕಾ.
ಹೌದೋ ಅಲ್ಲವೋ. ಹೌದಾದರೆ ಎಷ್ಟು ತಿದ್ದುತ್ತೀರಿ, ಎಷ್ಟು ಪುಟ.
ಒಳ್ಳೆಯ ಹುಡುಗ. ನನ್ನ ಕಾದಂಬರಿ ಅಚ್ಚಾದ ವರ್ಷ
ಅವನ ಅಮ್ಮನಿಗೆ ಇನ್ನೂ ಹಾಲುಹಲ್ಲು.

ಕುಟಾಯಿಸಿಯಲ್ಲಿ ನವೆಂಬರ್. ಒಲೆಯ ಪಕ್ಕ ಕೂತು
ಮೂವತ್ತೊಂಬತ್ತು ವರ್ಷದ ಮೇಲೆ ನನ್ನನ್ನೇ ಓದುತ್ತಿದ್ದೇನೆ.
ಕಾಗದ ಈರುಳ್ಳಿ ಸಿಪ್ಪೆಯಂತಾಗಿದೆ; ಮಗುಚಿದರೆ
ಮೂಲೆ ಮುರಿದು ಮಡಿಲಿಗೆ ಬೀಳುತ್ತದೆ.
ವಿಶೇಷಣಗಳೋ, ಮದುವೆಗೆ ಹೊರಟವರ ಒಡವೆಯ ಹಾಗೆ
ಒಂದೊಂದು ನಾಮಪದದ ಮೈಮೇಲೂ ಮೂರು ಮೂರು.
ಯಾರೂ ಸುಮ್ಮನೆ ಬಾಗಿಲು ತೆರೆಯುವುದಿಲ್ಲ ಈ ಪುಸ್ತಕದಲ್ಲಿ,
ನಿಡುಸುಯ್ದು ತೆರೆಯುತ್ತಾರೆ.
ಇವನ್ನೆಲ್ಲ ಕೀಳುವುದು ಸುಲಭ,
ಹುರುಳಿಕಾಯಿಯ ನಾರು ತೆಗೆದ ಹಾಗೆ. ಎರಡು ಸಂಜೆಯ ಕೆಲಸ.

ಕಷ್ಟ ಇರುವುದು ನೂರಾ ಹನ್ನೆರಡನೇ ಪುಟದಲ್ಲಿ.

ಜುಲೈ. ದರ್ಜಿ ಹುಡುಗಿ ತ್ಸಿತ್ಸಿನೋ ಮೆಟ್ಟಿಲ ಮೇಲೆ ಕೂತು
ದಾಳಿಂಬೆ ಬಿಡಿಸುತ್ತಾಳೆ. ಕಾಳು ಎಣಿಸುತ್ತಾಳೆ,
ಅವನು ಬರಲು ಇನ್ನೆಷ್ಟು ದಿನ ಅಂತ.
ರಸ ಚಿಮ್ಮಿ ಬಿಳಿ ಗೌನಿಗೆ ಬೀಳುತ್ತದೆ. ಗೌನು ಅವಳದ್ದಲ್ಲ,
ನಾಳೆ ಮದುವೆಯಾಗುವ ಇನ್ಯಾರದ್ದೋ.
ಕಲೆ ತೊಳೆಯಲು ರಿಯೋನಿ ನದಿಗೆ ಓಡುತ್ತಾಳೆ.
ಮುಂದಿನದು ನೂರಾ ಹದಿನಾಲ್ಕು.
ಓದಲಾರೆ ಅಂದುಕೊಂಡೆ. ಓದಿದೆ.

ಪುಸ್ತಕ ಬಂದು ಆರು ತಿಂಗಳಿಗೆ
ಸಮ್ತ್ರೇಡಿಯಾದಿಂದ ಒಂದು ಕಾರ್ಡು ಬಂದಿತ್ತು.
ಒಟಿಯಾ ಎಂಬ ತೋಟದ ಮನುಷ್ಯ.
ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ, ನೀಲಿ ಶಾಯಿಯಲ್ಲಿ ಇಷ್ಟೇ:
“ತಾಯೀ, ನಮ್ಮ ಸೀಮೆಯಲ್ಲಿ ದಾಳಿಂಬೆ ಕೆಂಪಾಗುವುದು ಅಕ್ಟೋಬರಿಗೆ.
ಜುಲೈನಲ್ಲಿ ಅದಿನ್ನೂ ಮಿಡಿ.”
ನಾಚಿಕೆಯಾಗಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.
ಮೂವತ್ತೊಂದು ನನಗಾಗ. ಹಣ್ಣು ಕೊಂಡು ಗೊತ್ತಿತ್ತು,
ಯಾವಾಗ ಮಾಗುತ್ತದೆಂದು ಮರವನ್ನು ಕೇಳಿದವಳಲ್ಲ.

ಬೇಕಾನಿಗೆ ಇದನ್ನು ಹೇಳಿದರೆ ನಕ್ಕ.
“ಅಷ್ಟೇನಾ? ಹಿಪ್ಪುನೇರಳೆ ಮಾಡಿ, ಜೂನ್ ಮಾಡಿ.
ಅದರ ಕಲೆಯೂ ಹಟಮಾರಿಯೇ.”
ಜಾಣ. ಒಂದು ಹಣ್ಣು, ಒಂದು ತಿಂಗಳು, ಮುಗಿಯಿತು.
ಪೆನ್ಸಿಲ್ ಚೂಪು ಮಾಡಿಕೊಂಡೆ ಕೂಡ.

ದಾಳಿಂಬೆಯ ಮೇಲೆ ಗೀಟೆಳೆಯಲು ಹೋದ ಕೈ
ಅಲ್ಲೇ ನಿಂತಿತು.
ಹಣ್ಣು ಸರಿಯಾದರೆ ಕಲೆ ಸರಿ. ಕಲೆ ಸರಿಯಾದರೆ
ಓಟ ಸರಿ, ಪಾಚಿಗಟ್ಟಿದ ಆ ಕಲ್ಲು ಸರಿ,
ಕಾಲು ಜಾರಿದ್ದೂ ಸರಿ.
ಯಾರೂ ಬೆರಳಿಟ್ಟು ತೋರಿಸಲಾಗದಷ್ಟು ಸರಿಯಾಗಿ
ಅವಳು ಸಾಯುತ್ತಾಳೆ.

ಅಂದು ಮುಳುಗಿಸಿದ್ದು ಕಥೆ ಮುಗಿಸಲು ಬಾರದೆ.
ಈಗ ಎಪ್ಪತ್ತರಲ್ಲಿ, ಕನ್ನಡಕ ಒರೆಸಿ ಹಾಕಿಕೊಂಡು,
ತಿಳಿದೂ ತಿಳಿದೂ ಇನ್ನೊಮ್ಮೆಯೆ?
ಬದುಕಿಸೋಣವೆಂದರೆ ಅದೂ ಆಗದ ಮಾತು.
ಉಳಿದ ತೊಂಬತ್ತು ಪುಟ ಅವಳಿಲ್ಲದ ಮನೆಯದು,
ನಾನು ನೆಟ್ಟಗೆ ಬರೆದದ್ದೇ ಅಷ್ಟು.

ಎದ್ದುಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ಕೈಯಾಡಿಸಿದೆ.
ಕಾರ್ಡಿಲ್ಲ. ಎರಡು ಸಲ ಮನೆ ಬದಲಾಯಿಸಿದ್ದೇವೆ,
ಡಬ್ಬಿಯೇ ಬೇರೆ. ಕೈಗೆಲ್ಲ ಹಿಟ್ಟು.
ಮೇಜಿನ ಮೇಲೆ ಪಕ್ಕದ ಮನೆಯವರು ಕೊಟ್ಟ ದಾಳಿಂಬೆ
ಸಿಡಿಯುವಷ್ಟು ಮಾಗಿ ಕೂತಿದೆ,
ತನ್ನ ತಿಂಗಳಲ್ಲಿ, ತನ್ನ ಪಾಡಿಗೆ.

ಒಟಿಯಾ, ನೀವು ಇದ್ದೀರೋ ಇಲ್ಲವೋ.
ಜುಲೈನಲ್ಲಿ ಆ ಹಣ್ಣಿಲ್ಲವೆಂದು ಬಲ್ಲ
ಒಬ್ಬರಾದರೂ ಓದುತ್ತಿರುವವರೆಗೆ
ಆ ಗೌನಿನ ಮೇಲೆ ಕಲೆ ಬಿದ್ದಿಲ್ಲ,
ಯಾರೂ ನದಿಗೆ ಓಡಿಲ್ಲ.

ಸೋಮವಾರ ಬೆಳಿಗ್ಗೆ ಫೋನು ಮಾಡಿದೆ.
ಅಚ್ಚು ಹಾಕು ಬೇಕಾ. ನಿಟ್ಟುಸಿರುಗಳನ್ನು ಕಿತ್ತಿದ್ದೇನೆ, ಒಟ್ಟು ಇಪ್ಪತ್ತಾರು.
ನೂರಾ ಹನ್ನೆರಡನ್ನು ಮಾತ್ರ ಮುಟ್ಟಬೇಡ.
“ತಪ್ಪಿದೆ ಅಂತ ಓದುಗರು ಬರೆಯುತ್ತಾರಲ್ಲ,” ಅಂದ.
ಬರೆಯಲಿ.
ಹಿಂಬದಿಯಲ್ಲಿ ನಿಮ್ಮ ಕಚೇರಿಯ ವಿಳಾಸ ಬೇಡ,
ನನ್ನ ಮನೆಯದ್ದೇ ಹಾಕು.